ಗೆರಟೆಯೊಳಗಿನ ಬಾಣಂತಿ

ಹೆದರಿಕೆಗೂ ಹೆದರಿಸುವ ವಸ್ತುವಿನ ಗಾತ್ರಕ್ಕೂ ಯಾವ ಸಂಬಂಧವೂ ಇಲ್ಲವೆಂದು ನನಗೆ ತಿಳಿದದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾನು ಧೈರ್ಯವಂತೆ ಎಂದೇ ನಂಬಿದ್ದೆ. ಬಚ್ಚಲಿಗೆ ಬಂದ ಕೇರೆ ಹಾವಿಗೆ ಪೊರಕೆಯ ಹಿಡಿಯಿಂದ ದಾರಿ ತೋರಿಸಿ ಹೊರಗೆ ಕಳಿಸಿದವಳು ನಾನು. ಸುಳ್ಯದ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಿಸ್ಟರ್ ಆಗಿದ್ದೇನೆ. ಆಗಷ್ಟೇ ಹುಟ್ಟಿ, ಉಸಿರಾಡಲು ಮರೆತು ನೀಲಿಗಟ್ಟಿದ ಮಗುವನ್ನು ಒರೆಸಿ, ಬೆನ್ನು ತಿಕ್ಕಿ ಅಳಿಸುವಾಗಲೂ ನನ್ನ ಕೈ ನಡುಗಿದ್ದಿಲ್ಲ. ಅಂಥವಳು ಸೊಳ್ಳೆಯ ಮರಿಗಿಂತ ದೊಡ್ಡದಲ್ಲದ ಮೀನಿನ ಮರಿಗಳಿಗೆ ಏನಾದರೂ ಆದೀತೆಂಬ ಹೆದರಿಕೆಯಲ್ಲಿ ಮೂರು ವಾರ ಅನ್ನ ಸೇರದೆ ತಿರುಗಿದೆ ಎಂದರೆ ನೀವು ನಗುತ್ತೀರಿ. ನಗಿ. ನಮ್ಮ ಮನೆಯಲ್ಲಿಯೂ ಮೊದಲು ಎಲ್ಲರೂ ನಕ್ಕರು.

ಹೆದರುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ ಎಂಬುದನ್ನೂ ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಚೊಚ್ಚಲ ಹೆರಿಗೆಯ ಹುಡುಗಿಯರು ಹತ್ತು ನಿಮಿಷಕ್ಕೊಮ್ಮೆ ಕರೆಯುತ್ತಾರೆ. ಮಗು ಯಾಕೆ ಸೀನಿತು, ಯಾಕೆ ಬಿಕ್ಕಳಿಸಿತು, ಬಿಕ್ಕಳಿಸುವುದನ್ನು ಯಾಕೆ ನಿಲ್ಲಿಸಿತು. ನಿದ್ದೆ ಮಾಡದಿದ್ದರೂ ಹೆದರಿಕೆ, ಮಾಡಿದರೆ ಇನ್ನೂ ಹೆದರಿಕೆ. 'ಎಂತ ಆಗುದಿಲ್ಲ, ನೀವು ಸುಮ್ಮನೆ ಮಲಗಿ' ಎಂದು ಹೇಳಿ ಹೇಳಿ ಆ ಮಾತು ನನ್ನ ಬಾಯಲ್ಲಿ ಸವೆದುಹೋಗಿದೆ. ಕೆಲವೊಮ್ಮೆ 'ಈಗ ತಾನೆ ಕೇಳಿದ್ದಲ್ವಾ' ಎಂದು ಗದರಿಸಿಯೂ ಇದ್ದೇನೆ. 'ನಾನೂ ಒಂದನ್ನು ಹೆತ್ತವಳೇ. ಮೂರು ತಿಂಗಳಿಗೆ ಮಗಳನ್ನು ಮನೆಯಲ್ಲಿ ಬಿಟ್ಟು ಡ್ಯೂಟಿಗೆ ಬಂದಿದ್ದೇನೆ. ಒಂದು ದಿನ ಸಹ ನಿಮ್ಮ ಹಾಗೆ ಹೆದರಿಲ್ಲ' ಎಂದು ನನ್ನನ್ನೇ ಉದಾಹರಣೆಯಾಗಿ ನಿಲ್ಲಿಸುತ್ತಿದ್ದೆ. ಮಾತು ಸುಳ್ಳಲ್ಲ. ಮಗಳು ಈಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಾಳೆ. ಅವಳನ್ನು ಬೆಳೆಸುವಾಗ ಹೆದರಿದ ನೆನಪು ನನಗೆ ಒಂದೂ ಇಲ್ಲ.

ಮೀನು ನಮ್ಮ ಮನೆಗೆ ಬಂದದ್ದು ಬೇಬಿಯವರಿಂದ. ಬೇಬಿ ಎಂದರೆ ಮಗುವಲ್ಲ, ಅರುವತ್ತು ದಾಟಿದ, ಬಿಳಿ ಮೀಸೆಯ, ಆರಡಿ ಎತ್ತರದ ಮನುಷ್ಯ. ಕಡಬದ ಹತ್ತಿರ ಇಚಿಲಂಪಾಡಿಯಲ್ಲಿ ಅವರಿಗೆ ರಬ್ಬರ್ ತೋಟ ಉಂಟು. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲೆನಿಂತ ಕುಟುಂಬ. ಅವರ ಕಡೆ ಗಂಡಸರಿಗೆ ಬೇಬಿ ಎಂದು ಹೆಸರಿಡುವುದು ಹೊಸತೇನಲ್ಲವಂತೆ. ಆದರೆ ಆ ಹೆಸರಿನವನು ಮುಂದೆ ಹೆರಿಗೆ ವಾರ್ಡಿಗೆ ಬಂದರೆ ಏನಾದೀತೆಂದು ಹೆತ್ತವರಿಗೆ ಹೊಳೆದಿರಲಿಕ್ಕಿಲ್ಲ. ಮಗಳ ಎರಡನೆಯ ಹೆರಿಗೆಗೆಂದು ಅವರು ನಮ್ಮಲ್ಲಿ ಇದ್ದಾಗ, 'ಬೇಬಿ ಕ್ಯಾಂಟೀನಿನಲ್ಲಿ ಚಾ ಕುಡೀತಾ ಉಂಟು' ಎಂದು ಆಯಾ ಹೇಳಿದ್ದು ಕೇಳಿ ಪಕ್ಕದ ಮಂಚದ ಹೆಂಗಸು ಗಾಬರಿಯಲ್ಲಿ ಎದ್ದು ಕುಳಿತಿದ್ದಳು.

ತಾಯಿ ಮಗು ಕ್ಷೇಮವಾಗಿ ಮನೆ ಸೇರಿದ ಮೇಲೆ ಜನ ಸಾಮಾನ್ಯವಾಗಿ ಲಾಡು ತಂದುಕೊಡುತ್ತಾರೆ. ಬೇಬಿ ಜೀಪಿನಲ್ಲಿ ಒಂದು ಗಾಜಿನ ತೊಟ್ಟಿ ತಂದರು. ರಬ್ಬರ್ ಶೀಟು ಒಣಗಿಸುವ ಹೊಗೆಗೂಡಿನ ಹಿಂದೆ ಹಳೆಯ ಸಿಮೆಂಟು ಟ್ಯಾಂಕಿಗಳಲ್ಲಿ ಅವರು ಬಣ್ಣದ ಮೀನು ಸಾಕುತ್ತಾರೆಂದು ಆಗ ತಿಳಿಯಿತು. ನಮ್ಮ ಮುಂದಿನ ಕೋಣೆಯ ಸಿಮೆಂಟು ಕಪಾಟಿನ ಮೇಲೆ ತೊಟ್ಟಿ ಇಟ್ಟು, ನೀರು ತುಂಬಿಸಿ, ಗಾಳಿಯ ಪಂಪು ಕೂರಿಸಿ, ಒಣಗಿದ ಬಾದಾಮಿ ಎಲೆ ನಾಲ್ಕು ಹಾಕಿದರು. ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು. ಅಂಚಿನಲ್ಲಿ ಸಣ್ಣ ಬಾಗಿಲು ಕೊರೆದ ತೆಂಗಿನ ಗೆರಟೆಯೊಂದನ್ನು ಮೂಲೆಯಲ್ಲಿ ಕವುಚಿ ಹಾಕಿದರು. ಕೊನೆಗೆ ಪ್ಲಾಸ್ಟಿಕ್ ಚೀಲದಿಂದ ಎರಡು ಮೀನು ಬಿಟ್ಟರು. ಗಂಡು ನನ್ನ ಕಿರುಬೆರಳಿಗಿಂತ ತುಸು ಉದ್ದ, ಬೆನ್ನ ಮೇಲೆ ಜುಟ್ಟಿನಂಥ ರೆಕ್ಕೆ, ಬಾಲದಲ್ಲಿ ಕಿತ್ತಳೆ ಬೊಟ್ಟು. ಹೆಣ್ಣು ಅದರ ಅರ್ಧ, ಬಣ್ಣವೂ ಬೂದಿಯದ್ದು. ಹೆಸರು ಡ್ವಾರ್ಫ್ ಸಿಕ್ಲಿಡ್, ಮೂಲ ದಕ್ಷಿಣ ಅಮೆರಿಕದ ಹೊಳೆಗಳು ಎಂದರು ಬೇಬಿ. ಆ ಹೆಸರು ನಮ್ಮ ಅತ್ತೆಯ ನಾಲಗೆಯಲ್ಲಿ ಅಂದೇ ಚಕ್ಕುಲಿ ಆಯಿತು.

ಅತ್ತೆ ಮರ್ಕಂಜದವರು. ಮೀನಿಲ್ಲದ ಊಟ ಅವರಿಗೆ ಊಟವಲ್ಲ. ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತು ಬೇಬಿಯವರನ್ನು ಕೇಳಿದರು, "ಇದು ದೊಡ್ಡದಾಗ್ಲಿಕ್ಕೆ ಎಷ್ಟು ತಿಂಗಳು ಬೇಕು?"

"ಇದು ದೊಡ್ಡದಾಗುದಿಲ್ಲ ಅಮ್ಮಾ. ಇಷ್ಟೇ."

"ಇಷ್ಟೇಯಾ? ಮತ್ತೆ ಎಂತಕ್ಕೆ ಸಾಕುದು?"

"ನೋಡ್ಲಿಕ್ಕೆ."

"ನೋಡ್ಲಿಕ್ಕೆ ಮಾರ್ಕೆಟಿಗೆ ಹೋದರೆ ಸಾಕಲ್ಲ, ತರ್ಲಿಕ್ಕೂ ಆಗ್ತದೆ" ಎಂದು ಅತ್ತೆ ಬಂಗುಡೆ ಸಾರು ಕುದಿಯುತ್ತಿದ್ದ ಒಲೆಯ ಕಡೆಗೆ ಹೋದರು.

ಎರಡು ತಿಂಗಳು ಏನೂ ಆಗಲಿಲ್ಲ. ಮಾರ್ಚ್ ಕಳೆಯುತ್ತ ಬಂದ ಹಾಗೆ ಒಂದು ಬೆಳಿಗ್ಗೆ ನೋಡುತ್ತೇನೆ, ಹೆಣ್ಣುಮೀನು ಪೂರ್ತಿ ಹಳದಿಯಾಗಿದೆ. ಅರಸಿನದ ಕೊಂಬಿನಷ್ಟು ಹಳದಿ. ಗೆರಟೆಯ ಬಾಗಿಲಲ್ಲಿ ನಿಂತಿದೆ, ತಿನ್ನಲು ಬರುವುದಿಲ್ಲ, ಹತ್ತಿರ ಬಂದ ಗಂಡನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಇಪ್ಪತ್ತೆರಡು ವರ್ಷಗಳ ಅನುಭವ ಇರುವವಳಿಗೆ ರೋಗ ಪತ್ತೆ ಮಾಡಲು ಎಷ್ಟು ಹೊತ್ತು ಬೇಕು? ಬೇಬಿಯವರಿಗೆ ಫೋನು ಮಾಡಿ, ಗಂಭೀರವಾದ ದನಿಯಲ್ಲಿ ಹೇಳಿದೆ, "ನಿಮ್ಮ ಹೆಣ್ಣಿಗೆ ಕಾಮಾಲೆ ಆಗಿದೆ."

ಆ ಕಡೆ ಕುರ್ಚಿ ಸರಿದು ಬಿದ್ದ ಸದ್ದು ಕೇಳಿತು. ಅವರು ಮಗಳನ್ನು ನೆನೆದು ಬೆಚ್ಚಿದ್ದಾರೆಂದು ನನಗೆ ತಡವಾಗಿ ಹೊಳೆಯಿತು. "ಮೀನು, ಮೀನು" ಎಂದೆ.

ಬೇಬಿ ದೀರ್ಘವಾಗಿ ಉಸಿರು ಬಿಟ್ಟರು. "ಸಿಸ್ಟರೇ, ಅದು ಕಾಮಾಲೆ ಅಲ್ಲ. ಅದು ಬಾಣಂತಿ. ಗೆರಟೆ ಒಳಗೆ ಮೊಟ್ಟೆ ಇಟ್ಟಿರ್ತದೆ. ಗಂಡನ್ನು ಕೂಡಲೇ ಬೇರೆ ಮಾಡಿ, ಇಲ್ಲಾಂದ್ರೆ ಅದು ಅವನನ್ನು ಕಚ್ಚಿ ಕೊಲ್ತದೆ."

ಹೆರಿಗೆ ವಾರ್ಡಿನವಳಿಗೆ ಬಾಣಂತಿಯ ಗುರುತು ಸಿಗಲಿಲ್ಲ ಎಂಬ ಸುದ್ದಿ ಮರುದಿನದೊಳಗೆ ಆಸ್ಪತ್ರೆಯಲ್ಲೆಲ್ಲ ಹಬ್ಬಿತು. ಹಬ್ಬಿಸಿದವರು ನನ್ನ ಗಂಡ. ಇವರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮ್ಯಾನ್, ಊರಿನ ಎಲ್ಲ ಕಡೆಗೂ ಸಂಪರ್ಕ ಇರುವವರು. ಚಹಾ ಸೋಸುವ ಜರಡಿಯಲ್ಲಿ ಗಂಡುಮೀನನ್ನು ಹಿಡಿದು ಬಕೆಟಿಗೆ ಬಿಟ್ಟವರೂ ಇವರೇ. ಅದರ ಹರಿದ ಬಾಲ ನೋಡಿ, "ಪಾಪ. ಮನುಷ್ಯರಲ್ಲಿ ಹೆರಿಗೆಗೆ ಗಂಡನನ್ನು ಬರೇ ಹೊರಗೆ ನಿಲ್ಲಿಸುದು, ಅಷ್ಟೇ" ಎಂದರು.

ಅಂದು ಸಂಜೆ ಬೇಬಿ ಮತ್ತೆ ಫೋನು ಮಾಡಿ ಹೇಳಿದ ಮಾತೇ ನನ್ನ ಎಲ್ಲ ಸಂಕಟದ ಮೂಲ. "ಆಗಾಗ ಬಗ್ಗಿ ನೋಡ್ಬೇಡಿ ಸಿಸ್ಟರೇ. ಅದಕ್ಕೆ ಹೆದರಿಕೆ ಆಗ್ಲಿಕ್ಕೆ ಬಾರದು. ಮಕ್ಕಳಿಗೆ ಅಪಾಯ ಉಂಟು ಅಂತ ಅನಿಸಿದರೆ ತಾಯಿಯೇ ತಿಂದುಬಿಡ್ತದೆ."

ತಿಂದುಬಿಡುತ್ತದೆ. ಮಕ್ಕಳ ಮೇಲಿನ ಹೆದರಿಕೆಯಿಂದ ಮಕ್ಕಳನ್ನೇ. ನಮ್ಮ ಪುಸ್ತಕಗಳಲ್ಲಿ ಇಲ್ಲದ ಕಾಯಿಲೆ ಇದು, ಇದಕ್ಕೆ ಇಂಜೆಕ್ಷನ್ನೂ ಇಲ್ಲ. ನನ್ನ ಸ್ಥಿತಿ ಯೋಚಿಸಿ. ನಾನು ಹೆದರಬಾರದು, ಯಾಕೆಂದರೆ ನಾನು ಹೆದರಿ ಓಡಾಡಿದರೆ ಅದು ಹೆದರುತ್ತದೆ, ಅದು ಹೆದರಿದರೆ ಮಕ್ಕಳು ಹೋದವು. ಹೀಗೆ ಹೆದರಬಾರದು ಎಂಬುದೇ ದೊಡ್ಡ ಹೆದರಿಕೆಯಾಗಿ ಕೂತಿತು. ತೊಟ್ಟಿಯ ಮೂರು ಬದಿಗೆ ಹಳೆಯ ಸೀರೆ ಕಟ್ಟಿದೆ. ಮಿಕ್ಸಿ ಹಾಕಬಾರದೆಂದೆ. ಅತ್ತೆ ಮಸಾಲೆಯನ್ನು ಹಿತ್ತಲಿನ ಕಲ್ಲಿನಲ್ಲಿ ಅರೆಯತೊಡಗಿದರು. ಮನೆಯ ಮುಂದಿನ ಮಡಿಕೇರಿ ರಸ್ತೆಯಲ್ಲಿ ಮರದ ಲಾರಿ ಹೋದರೆ ತೊಟ್ಟಿಯ ನೀರು ಸಣ್ಣಗೆ ಅಲುಗುತ್ತದೆ. ಅಲ್ಲಿವರೆಗೆ ಆ ರಸ್ತೆಯಲ್ಲಿ ಲಾರಿ ಹೋಗುತ್ತದೆಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಈಗ ಅರಂತೋಡು ಕಡೆಯ ಇಳಿಜಾರಿನಲ್ಲಿ ಗೇರು ಬದಲಿಸುವ ಸದ್ದು ಕೇಳಿದರೂ ಎದ್ದು ಹೋಗಿ ಕಿಟಕಿ ಮುಚ್ಚುತ್ತಿದ್ದೆ.

ಎಂಟನೆಯ ದಿನ ಮರಿಗಳು ಹೊರಗೆ ಬಂದವು. ಗೆರಟೆಯ ಬಾಗಿಲಿನಿಂದ ಮೊದಲು ತಾಯಿ, ಹಿಂದಿನಿಂದ ಧೂಳಿನಂಥದ್ದು ಏನೋ ಹೊರಳಿ ಬಂತು. ಕಣ್ಣು ಕಿರಿದು ಮಾಡಿ ನೋಡಿದರೆ ಆ ಧೂಳಿನ ಒಂದೊಂದು ಕಣಕ್ಕೂ ಎರಡು ಕಪ್ಪು ಚುಕ್ಕೆ. ಕಣ್ಣುಗಳು. ತಾಯಿ ಮೈಯನ್ನು ಸಣ್ಣಗೆ ಅದುರಿಸಿದರೆ ಇಡೀ ಧೂಳು ನೆಲಕ್ಕೆ ಇಳಿಯುತ್ತದೆ, ಮತ್ತೊಂದು ಬಗೆಯಲ್ಲಿ ಅದುರಿಸಿದರೆ ಮೇಲೇಳುತ್ತದೆ. ನಾನು ಲೆಕ್ಕ ಹಾಕತೊಡಗಿದೆ. ನಲವತ್ತಮೂರು. ಇನ್ನೊಮ್ಮೆ ಎಣಿಸಿದರೆ ಐವತ್ತೊಂದು. ಮೂರನೆಯ ಸಲ ಮೂವತ್ತೆಂಟು. ನಮ್ಮ ವಾರ್ಡಿನಲ್ಲಿ ತಾಯಂದಿರ ಲೆಕ್ಕಕ್ಕೂ ಮಕ್ಕಳ ಲೆಕ್ಕಕ್ಕೂ ಒಂದು ವ್ಯತ್ಯಾಸ ಬಂದರೆ ಪೊಲೀಸರು ಬರುತ್ತಾರೆ. ಇಲ್ಲಿ ಹದಿಮೂರು ಮಕ್ಕಳು ಕಣ್ಣೆದುರೇ ಕಾಣೆಯಾಗಿದ್ದವು, ಯಾರಿಗೂ ಚಿಂತೆ ಇರಲಿಲ್ಲ.

ಮರುದಿನದಿಂದ ಆಹಾರದ ಹೆದರಿಕೆ. ದೊಡ್ಡ ಮೀನಿನ ತಿಂಡಿ ಅವುಗಳ ಬಾಯಿಗೆ ಹಿಡಿಯುವುದಿಲ್ಲ. ಉಪ್ಪುನೀರಿನ ಸೀಗಡಿಯ ಮೊಟ್ಟೆಯನ್ನು ಮನೆಯಲ್ಲೇ ಒಡೆಯಿಸಿ, ಅದರಿಂದ ಬರುವ ಜೀವಂತ ಮರಿಗಳನ್ನು ಕೊಡಬೇಕಂತೆ. ಅಂದರೆ ಮರಿಗಳಿಗಾಗಿ ಬೇರೆ ಮರಿಗಳ ಹೆರಿಗೆಯನ್ನೂ ನಾನೇ ಮಾಡಿಸಬೇಕು. ಬೇಬಿ ಆ ಮೊಟ್ಟೆಗಳ ಸಣ್ಣ ಬಾಟಲಿಯನ್ನು ಕಡಬದಲ್ಲಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟರು. ಅದು ಪುತ್ತೂರಿನ ನಿಲ್ದಾಣದಲ್ಲಿ ಇಳಿದು, ಸುಳ್ಯದ ಬಸ್ಸು ಹತ್ತಿ, ಮಧ್ಯಾಹ್ನ ನನ್ನ ಕೈ ಸೇರಿತು. ನೋಡಲು ಕಾಫಿಪುಡಿಯ ಹಾಗೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಅತ್ತೆ ಒಂದು ಚಿಟಿಕೆ ನಾಲಗೆಗೆ ಹಾಕಿ, "ಇದು ಹಳೇ ಸ್ಟಾಕು, ವಾಪಸು ಕೊಡು" ಎಂದಿದ್ದರು. ಅವರ ಹೊಟ್ಟೆಯಲ್ಲಿ ಎಷ್ಟು ಸಾವಿರ ಸೀಗಡಿಗಳು ಸೇರಿದವೋ ಎಂದು ಎರಡು ದಿನ ಅವರನ್ನೂ ಗಮನಿಸಬೇಕಾಯಿತು.

ಉಪ್ಪುನೀರಿನ ಬಾಟಲಿಯಲ್ಲಿ ಒಂದೂವರೆ ದಿನದ ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳು ಓಡಾಡತೊಡಗಿದವು. ಮೆಡಿಕಲ್ ಶಾಪಿಗೆ ಹೋಗಿ ಒಂದು ಸಿರಿಂಜು, ಒಂದು ಡ್ರಿಪ್ ಸೆಟ್ಟು ಕೊಂಡೆ. ಸಿರಿಂಜು ಊಟ ಕೊಡಲು, ಡ್ರಿಪ್ಪು ಹೊಸ ನೀರನ್ನು ಹನಿ ಹನಿಯಾಗಿ ಬಿಡಲು. ಅಂಗಡಿಯವರು ಪರಿಚಯದವರು, "ಯಾರಿಗೆ ಸಿಸ್ಟರ್ ಹುಷಾರಿಲ್ಲದ್ದು?" ಎಂದು ಕೇಳಿದರು. ನಿಜ ಹೇಳಲು ನಾಚಿಕೆಯಾಗಿ, "ಮನೆಯಲ್ಲಿ ಮಕ್ಕಳಿಗೆ" ಎಂದೆ. ಸಿರಿಂಜಿನ ತುದಿಯಿಂದ ಆ ಕಿತ್ತಳೆ ಮೋಡ ಹೊರಬಿದ್ದ ಕೂಡಲೇ ಮರಿಗಳು ಮುತ್ತಿದವು. ಹತ್ತು ನಿಮಿಷದಲ್ಲಿ ಗಾಜಿನಷ್ಟು ಪಾರದರ್ಶಕವಾದ ಒಂದೊಂದು ಮೈಯಲ್ಲಿ ಕಿತ್ತಳೆ ಬಣ್ಣದ ಒಂದೊಂದು ಪುಟ್ಟ ಹೊಟ್ಟೆ ಕಾಣಿಸಿತು. ಮನುಷ್ಯರ ಮಕ್ಕಳಿಗೆ ದೇವರು ಈ ಸೌಕರ್ಯ ಕೊಟ್ಟಿಲ್ಲ. ಕೊಟ್ಟಿದ್ದರೆ 'ಹಾಲು ಸಾಕಾಗ್ತದಾ ಸಿಸ್ಟರ್' ಎಂಬ ಪ್ರಶ್ನೆಯೇ ಇರುತ್ತಿರಲಿಲ್ಲ.

ಆ ದಿನಗಳಲ್ಲಿಯೇ ನಮ್ಮ ವಾರ್ಡಿಗೆ ನಳಿನಿ ಬಂದದ್ದು. ಕಡಬ ಕಡೆಯ ಹುಡುಗಿ, ಇಪ್ಪತ್ತನಾಲ್ಕು ವರ್ಷ, ಚೊಚ್ಚಲ ಹೆರಿಗೆ, ಹೆಣ್ಣುಮಗು. ಮಗುವಿಗಿಂತ ಹೆಚ್ಚು ಅಳುತ್ತಿದ್ದಳು. ಮಗು ಮಲಗಿದರೆ ಮೂಗಿನ ಹತ್ತಿರ ಬೆರಳು ಹಿಡಿದು ಕೂರುವಳು. ಹೆರಿಗೆಯ ಮಾರನೆಯ ದಿನ ಬೆಳಿಗ್ಗೆಯಿಂದ ಹನ್ನೊಂದು ಸಲ ನನ್ನನ್ನು ಕರೆದಿದ್ದಳು. ಹನ್ನೆರಡನೆಯ ಸಲ ಅವಳು ಬಾಯಿ ತೆರೆಯುವ ಮೊದಲೇ ನಾನು ನನ್ನ ಸವೆದ ಮಾತನ್ನು ಹೇಳಿ, ಪರದೆಯ ಆಚೆ ಹೋಗಿ ಮನೆಗೆ ಫೋನು ಮಾಡಿದೆ. ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದೆ. ಅತ್ತೆ ಎತ್ತಿದರು.

"ಮಕ್ಕಳು ಎಂತ ಮಾಡ್ತಾ ಉಂಟು ಅತ್ತೆ? ಉಸಿರಾಡ್ತಾ ಉಂಟಾ? ಹೊಟ್ಟೆ ಕೆಂಪಾಯ್ತಾ? ಎಲ್ಲ ಉಂಟಲ್ಲ? ಸರಿಯಾಗಿ ನೋಡಿ ಹೇಳಿ. ತಾಯಿ ಯಾರನ್ನೂ ತಿನ್ನಲಿಲ್ಲ ಅಲ್ವಾ?"

ಫೋನು ಇಟ್ಟು ತಿರುಗಿದರೆ ಪರದೆಯ ಅಂಚಿನಲ್ಲಿ ನಳಿನಿಯ ಮುಖ. ಬಿಳಿಚಿಕೊಂಡಿತ್ತು. ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಸಿಸ್ಟರ್" ಎಂದಳು. "ಯಾವ ತಾಯಿ? ಯಾರನ್ನು ತಿನ್ನುದು?"

ಹೇಳದೆ ವಿಧಿಯಿರಲಿಲ್ಲ. ಮಂಚದ ಬದಿಯಲ್ಲಿ ಕುಳಿತು ಗೆರಟೆಯಿಂದ ಹಿಡಿದು ಸೀಗಡಿಯವರೆಗೆ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದ ಹಾಗೆ ಅವಳ ಮುಖಕ್ಕೆ ಬಣ್ಣ ಬಂತು, ಆಮೇಲೆ ಮೆಲ್ಲಗೆ ನಗು ಬಂತು. ನಗು ಮುಗಿಸಿ ಅವಳು ಕೇಳಿದಳು, "ಹಾಗಾದರೆ ನಿಮಗೂ ಹೆದರಿಕೆ ಆಗ್ತದಾ ಸಿಸ್ಟರ್?" ಆಗುತ್ತದೆ ಎಂದೆ. ಒಬ್ಬ ರೋಗಿಯ ಎದುರು ಈ ಮಾತು ಹೇಳಿದ್ದು ಅದೇ ಮೊದಲು. ಅವಳು ಅಂದು ಸಂಜೆಯವರೆಗೆ ನನ್ನನ್ನು ಎರಡೇ ಸಲ ಕರೆದಳು. ಎರಡು ಸಲವೂ ಮೀನಿನ ವಿಷಯ ಕೇಳಲಿಕ್ಕೆ.

ಮೂರನೆಯ ದಿನ ಬೆಳಿಗ್ಗೆ ಅವಳ ಮಗು ಹಳದಿಯಾಯಿತು. ಇದು ನಿಜವಾದ ಕಾಮಾಲೆಯೇ. ಹಸುಗೂಸುಗಳಿಗೆ ಬಹಳ ಸಲ ಬರುವಂಥದ್ದು, ನೀಲಿ ದೀಪದ ಕೆಳಗೆ ಮಲಗಿಸಿದರೆ ಸಾಮಾನ್ಯವಾಗಿ ಇಳಿಯುತ್ತದೆ. ಡಾಕ್ಟರು ನೋಡಿ ದೀಪಕ್ಕೆ ಹಾಕಲು ಹೇಳಿದರು. ಕಣ್ಣಿಗೆ ಪಟ್ಟಿ ಕಟ್ಟಿದ ಮಗುವನ್ನು ಪೆಟ್ಟಿಗೆಯಲ್ಲಿ ನೋಡಿ ನಳಿನಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟಳು. ಅದೇ ಹೊತ್ತಿಗೆ ವಾರ್ಡಿನ ಕರೆಂಟು ಹೋಗಿ, ಎರಡು ಕ್ಷಣ ಬಿಟ್ಟು ಜನರೇಟರಿನ ಸದ್ದಿನೊಂದಿಗೆ ಬಂತು. ನೀಲಿ ದೀಪ ಮತ್ತೆ ಹೊತ್ತಿತು. ನನ್ನ ಮನೆಯಲ್ಲಿ ಜನರೇಟರು ಇಲ್ಲ.

ಇವರಿಗೆ ಫೋನು ಮಾಡುತ್ತಲೇ ಇದ್ದೆ, ಅರ್ಧ ಗಂಟೆಯ ಮೇಲೆ ಎತ್ತಿದರು. ಗಾಳಿಯ ಸದ್ದಿನ ನಡುವೆ ದನಿ ಕೇಳಿತು. "ಅರಂತೋಡಿನಿಂದ ಈಚೆ ಲಾರಿ ಕಂಬಕ್ಕೆ ಹೊಡೆದಿದೆ. ಎರಡು ಕಂಬ ಬಿದ್ದಿದೆ. ಹೊಸತು ನಿಲ್ಲಿಸ್ಬೇಕು. ಮೂರು ಗಂಟೆ ಆದೀತು."

"ಮೂರು ಗಂಟೆಯಾ? ಮಕ್ಕಳಿಗೆ ಗಾಳಿ?"

"ನಾನೀಗ ಕಂಬದ ಮೇಲೆ ಇದ್ದೇನೆ ಪುಷ್ಪಾ" ಎಂದರು ಇವರು, ಬಹಳ ಸಮಾಧಾನದಿಂದ. ಒಂದು ಕೈಯಲ್ಲಿ ಕಂಬ ಹಿಡಿದ ಗಂಡನ ಬಗ್ಗೆ ನನಗೆ ಚಿಂತೆಯಾಗಲಿಲ್ಲ ಎಂಬುದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಗಂಟೆ ಹತ್ತು. ಏಪ್ರಿಲಿನ ಸೆಕೆ, ಬಿಸಿ ನೀರಿನಲ್ಲಿ ಗಾಳಿ ಬೇಗ ಕಡಿಮೆಯಾಗುತ್ತದೆಂದು ಬೇಬಿ ಹೇಳಿದ್ದರು. ನನ್ನ ಡ್ಯೂಟಿ ಎರಡು ಗಂಟೆಯವರೆಗೆ. ಅತ್ತೆಗೆ ಫೋನು ಮಾಡಿದೆ. "ಪಂಪು ನಿಂತಿದೆ ಅತ್ತೆ. ನೀರಿಗೆ ಗಾಳಿ ಸೇರ್ಬೇಕು. ಎಂತ ಮಾಡುದು ಗೊತ್ತಾಗುದಿಲ್ಲ."

"ಗಾಳಿ ಸೇರ್ಬೇಕಾ? ಚಾ ಆರಿಸಿದ ಹಾಗೆ ಎತ್ತಿ ಹೊಯ್ದರೆ ಆಗುದಿಲ್ವಾ?"

"ಆಗ್ತದೆ ಕಾಣ್ತದೆ. ಆದರೆ ಮೆಲ್ಲ. ಅದಕ್ಕೆ ಹೆದರಿಕೆ ಆಗ್ಲಿಕ್ಕೆ ಬಾರದು. ಮಕ್ಕಳು ಎಲ್ಲ ಉಂಟಾ?"

ಅತ್ತೆ ಸ್ವಲ್ಪ ತಡೆದು, "ಉಂಟು ಉಂಟು. ನೀನು ಅಲ್ಲಿಯ ಕೆಲಸ ನೋಡು" ಎಂದು ಫೋನು ಇಟ್ಟರು.

ಇಲ್ಲಿಯ ಕೆಲಸವೆಂದರೆ ನಳಿನಿ. ಅವಳ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತೆ. 'ಎಂತ ಆಗುದಿಲ್ಲ' ಎಂದು ಹೇಳಲು ಬಾಯಿ ಬರಲಿಲ್ಲ. ಬದಲಿಗೆ ಮಗುವಿನ ರಕ್ತದ ರಿಪೋರ್ಟಿನಲ್ಲಿ ಯಾವ ಸಂಖ್ಯೆ ಇಳಿಯಬೇಕು, ಎಷ್ಟು ಗಂಟೆಗೆ ಮತ್ತೆ ನೋಡುತ್ತಾರೆ, ನಡುವೆ ಎಷ್ಟು ಸಲ ಹಾಲು ಕೊಡಬೇಕು ಎಂದು ಒಂದೊಂದಾಗಿ ತಿಳಿಸಿದೆ. ಇಪ್ಪತ್ತೆರಡು ವರ್ಷಗಳಲ್ಲಿ ಅಷ್ಟು ನಿಧಾನವಾಗಿ ಯಾರಿಗೂ ತಿಳಿಸಿರಲಿಲ್ಲ. ಅವಳು ಕಣ್ಣೊರೆಸಿಕೊಂಡು, ಎರಡೆರಡು ಗಂಟೆಗೆ ಹಾಲು ಎಂದು ಬೆರಳು ಮಡಚಿ ಲೆಕ್ಕ ಇಟ್ಟುಕೊಂಡಳು. ಆಮೇಲೆ ನನ್ನ ಮುಖ ನೋಡಿ, "ನಿಮ್ಮ ಮಕ್ಕಳಿಗೆ ಎಂತಾಯ್ತು ಸಿಸ್ಟರ್? ಇನ್ನೊಮ್ಮೆ ಫೋನ್ ಮಾಡಿ" ಎಂದಳು. ಮಾಡಿದೆ. ಅತ್ತೆ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಹನ್ನೆರಡು ಗಂಟೆಗೆ, ಒಂದು ಗಂಟೆಗೆ, ಎತ್ತಲಿಲ್ಲ. ಎಪ್ಪತ್ತೊಂದು ವರ್ಷದ ಹೆಂಗಸು ಒಬ್ಬರೇ ಮನೆಯಲ್ಲಿ, ಒದ್ದೆ ನೆಲ. ನನ್ನ ಹೆದರಿಕೆ ಮೊದಲ ಸಲ ಮೀನಿನಿಂದ ಮನುಷ್ಯರ ಕಡೆಗೆ ಹೊರಳಿತು.

ಎರಡಕ್ಕೆ ಡ್ಯೂಟಿ ಒಪ್ಪಿಸಿ ಆಟೋ ಹಿಡಿದು ಮನೆಗೆ ಬಂದೆ. ಬಾಗಿಲು ತೆರೆದೇ ಇತ್ತು. ಅತ್ತೆ ತೊಟ್ಟಿಯ ಮುಂದೆ ಸ್ಟೂಲಿನ ಮೇಲೆ ಕುಳಿತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು, ಕೈಯಲ್ಲಿ ಸ್ಟೀಲಿನ ಲೋಟ. ನೀರನ್ನು ಮೊಗೆಯುತ್ತಿದ್ದರು, ಗೇಣೆತ್ತರಕ್ಕೆ ಎತ್ತುತ್ತಿದ್ದರು, ಗಾಜಿನ ಬದಿಗೆ ತಾಗಿಸಿ ನೂಲಿನಂತೆ ಹೊಯ್ಯುತ್ತಿದ್ದರು. ನಾಲ್ಕು ಗಂಟೆಗಳಿಂದ ಅದನ್ನೇ ಮಾಡುತ್ತಿದ್ದರು. ಫೋನು ಅಡುಗೆಮನೆಯಲ್ಲಿತ್ತು, ಲೋಟ ಬಿಟ್ಟು ಏಳಲು ಅವರಿಗೆ ಧೈರ್ಯ ಬಂದಿರಲಿಲ್ಲ. ಊಟವನ್ನೂ ಮಾಡಿರಲಿಲ್ಲ.

ನಾನು ತೊಟ್ಟಿಯೊಳಗೆ ನೋಡಿದೆ. ಹಳದಿ ತಾಯಿ ಗೆರಟೆಯ ಬಾಗಿಲಿಗೆ ಅಡ್ಡ ನಿಂತು ನನ್ನನ್ನೇ ನೋಡುತ್ತಿತ್ತು. ಮರಿ ಒಂದೂ ಇರಲಿಲ್ಲ. ಮೂಲೆಯಲ್ಲಿಲ್ಲ, ಎಲೆಯ ಕೆಳಗಿಲ್ಲ, ಪಂಪಿನ ಹಿಂದೆಯೂ ಇಲ್ಲ.

"ಅತ್ತೆ, ಮಕ್ಕಳೆಲ್ಲಿ?"

ಅತ್ತೆ ಲೋಟ ಮಡಿಲಲ್ಲಿ ಇಟ್ಟುಕೊಂಡರು. "ಕರೆಂಟು ಹೋದ ಕೂಡಲೇ ಅವಳು ಗಡಿಬಿಡಿ ಮಾಡಿದಳು. ಒಂದೊಂದನ್ನೇ ಬಾಯಿಗೆ ಹಾಕಿಕೊಂಡಳು. ನಾನು ಕಣ್ಣಾರೆ ನೋಡಿದೆ. ನೀನು ಫೋನು ಮಾಡುವಾಗ ಒಂದೂ ಇರ್ಲಿಲ್ಲ."

"ಉಂಟು ಉಂಟು ಅಂದಿರಿ."

"ಮತ್ತೆಂತ ಹೇಳುದು? ಅಲ್ಲಿ ಯಾರದೋ ಮಗುವನ್ನು ಕೈಯಲ್ಲಿ ಹಿಡ್ಕೊಂಡಿರ್ತಿ ನೀನು. ಹೆದರಿ ಕೈ ಜಾರಿದರೆ?"

ಮಕ್ಕಳಿಲ್ಲವೆಂದು ಗೊತ್ತಿದ್ದೂ ಯಾಕೆ ನೀರು ಹೊಯ್ಯುತ್ತಾ ಕುಳಿತಿರಿ ಎಂದು ಕೇಳಿದೆ. ಒಂದಾದರೂ ಉಳಿದಿದ್ದರೆ ಅಂತ, ಎಂದರು. ನನ್ನ ಕಣ್ಣು ತುಂಬಿದ್ದನ್ನು ನೋಡಿ ಅವರಿಗೆ ಸಿಟ್ಟು ಬಂತೋ ಕನಿಕರವೋ, ಒಂದೇ ಉಸಿರಿಗೆ ಹೇಳಿದರು, "ಇದೆಂತ ಹೊಸತಲ್ಲ. ನಿನ್ನ ಮಗಳು ಹತ್ತು ತಿಂಗಳಿರುವಾಗ ರವಕೆಯ ಬಟನ್ನು ನುಂಗಿದ್ದಳು. ಎರಡು ದಿನ ಅವಳ ಹೇಲು ಕಡ್ಡಿಯಲ್ಲಿ ಕೆದಕಿ ನೋಡಿದ್ದೇನೆ, ಬಟನ್ನು ಬರುವವರೆಗೆ ನೀರು ಸಹ ಇಳಿಯಲಿಲ್ಲ ನನಗೆ. ಜ್ವರದಲ್ಲಿ ಒಮ್ಮೆ ಕಣ್ಣು ಮೇಲೆ ಮಾಡಿದಳು. ಮೆಟ್ಟಿಲಿನಿಂದ ಬಿದ್ದದ್ದು ಎರಡು ಸಲ. ನಿನಗೆ ಹೇಳಿದ್ದೇನಾ? ಹೇಳಿದರೆ ನೀನು ಡ್ಯೂಟಿಗೆ ಹೋಗುದು ಹೇಗೆ?"

ನಾನು ನೆಲದ ಮೇಲೆ ಕುಳಿತೆ. ಸಿಸ್ಟರ್ ಆದ ನಾನು ಕಣ್ಣು ಮೇಲಾಗುವ ಜ್ವರವನ್ನು ಬಚ್ಚಿಟ್ಟ ಹೆಂಗಸನ್ನು ಗದರಬೇಕಿತ್ತು, ಗದರಲು ಮುಖ ಇರಲಿಲ್ಲ. ನನ್ನ ಪಾಲಿನ ಹೆದರಿಕೆಯನ್ನೆಲ್ಲ ಬೇರೊಬ್ಬರು ಹೆದರಿ ಮುಗಿಸಿದ್ದರು. ನಾನು ಅದನ್ನು ನನ್ನ ಧೈರ್ಯವೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡು, ಯಾಕೆಂದು ಯೋಚಿಸದೆ ನಾನೂ ನೀರು ಮೊಗೆದು ಹೊಯ್ಯತೊಡಗಿದೆ.

ಮೂರೂಕಾಲಿಗೆ ಪಂಪು ಗುರ್ ಎಂದಿತು. ನೀರಿನಲ್ಲಿ ಗುಳ್ಳೆಗಳು ಏಳತೊಡಗಿದವು. ಸ್ವಲ್ಪ ಹೊತ್ತು ಕಳೆದು ಇವರು ಮೈಯೆಲ್ಲ ಮಣ್ಣು 'ಬಂತಾ' ಎನ್ನುತ್ತ ಒಳಗೆ ಬಂದು, ನಮ್ಮಿಬ್ಬರ ಮುಖ ನೋಡಿ ಅಲ್ಲಿಯೇ ನಿಂತರು. ಬೇಬಿಯವರಿಗೆ ಫೋನು ಮಾಡಿ ಸುದ್ದಿ ತಿಳಿಸಿದವರು ಇವರೇ. ಫೋನನ್ನು ಸ್ಪೀಕರಿಗೆ ಹಾಕಿದರು.

"ಬಾಯಿಗೆ ಹಾಕಿಕೊಂಡದ್ದು ನೋಡಿದ್ದಾ?" ಎಂದರು ಬೇಬಿ. "ನುಂಗಿದ್ದು ನೋಡಿದ್ದಾ?"

ಅತ್ತೆ ಯೋಚಿಸಿದರು. "ಬಾಯಿಗೆ ಹಾಕಿಕೊಂಡು ಗೆರಟೆ ಒಳಗೆ ಹೋಗುದು. ಪುನಃ ಬರುದು, ಇನ್ನೊಂದನ್ನು ಹಾಕಿಕೊಳ್ಳುದು."

"ಹಾಗಾದರೆ ಪೇಡಿಕ್ಕಂಡ ಅಮ್ಮಾ." ಹೆದರಬೇಡಿ ಎಂಬ ಮಾತು ಅವರ ಮನೆಭಾಷೆಯಲ್ಲೇ ಬಂತು. "ತಿನ್ನುವ ಮೀನು ಒಳಗೆ ಹೋಗಿ ಬಂದು ಮಾಡುದಿಲ್ಲ. ಅದು ಮಕ್ಕಳನ್ನು ಮನೆಯೊಳಗೆ ಹಾಕಿದ್ದು. ನೀವು ಮೂವರೂ ಸ್ವಲ್ಪ ಆಚೆ ಹೋಗಿ."

ಮೂವರೂ ಅಡುಗೆಮನೆಯ ಬಾಗಿಲಿಗೆ ಸರಿದೆವು. ಇವರ ಬೂಟಿನ ಮಣ್ಣು ನೆಲಕ್ಕೆ ಉದುರುವುದು ಕೇಳುತ್ತಿತ್ತು. ತಾಯಿಮೀನು ಗೆರಟೆಯ ಸುತ್ತ ಒಂದು ಸುತ್ತು ಬಂತು. ಮತ್ತೊಂದು ಸುತ್ತು ಬಂತು. ಆಮೇಲೆ ಬಾಗಿಲಿಗೆ ಮುಖ ಮಾಡಿ ಮೈಯನ್ನು ಸಣ್ಣಗೆ ಅದುರಿಸಿತು. ಒಳಗಿನಿಂದ ಧೂಳು ಹೊರಳಿ ಬಂತು. ಅತ್ತೆ ಗಟ್ಟಿಯಾಗಿ ನನ್ನ ಮೊಣಕೈ ಹಿಡಿದರು. ಅಂದು ನಾನು ಎಣಿಸಲಿಲ್ಲ. ಇವರು ಕೆಮ್ಮುವ ನೆಪದಲ್ಲಿ ಹಿತ್ತಲಿಗೆ ಹೋದರು. ಅತ್ತೆಗೆ ಆಗ ಹಸಿವು ನೆನಪಾಯಿತು.

ನಳಿನಿಯ ಮಗುವಿನ ಹಳದಿ ಎರಡು ದಿನದಲ್ಲಿ ಇಳಿಯಿತು. ಮನೆಗೆ ಹೊರಡುವಾಗ ಅವಳು ನನ್ನ ನಂಬರು ಕೇಳಿ ಬರೆದುಕೊಂಡಳು. ಮರಿಗಳು ದೊಡ್ಡವಾದ ಮೇಲೆ ತನಗೂ ಒಂದು ಜೋಡಿ ಬೇಕೆಂದಳು. ಕೊನೆಗೆ ಉಳಿದವು ಮೂವತ್ತರ ಮೇಲೆ ಒಂದೆರಡು. ಅಕ್ಕಿಕಾಳಿನಷ್ಟಾಗಿ, ಗೋಧಿಯಷ್ಟಾಗಿ, ಗಂಡು ಯಾವುದು ಹೆಣ್ಣು ಯಾವುದು ಎಂದು ಗುರುತಾಗುವಷ್ಟಾದವು. ಅರ್ಧದಷ್ಟನ್ನು ಬೇಬಿ ಇಚಿಲಂಪಾಡಿಗೆ ಒಯ್ದರು. ನಳಿನಿಗೆ ಇನ್ನೂ ಕೊಟ್ಟಿಲ್ಲ, ಅತ್ತೆ ಬಿಡಲಿಲ್ಲ. "ಮೊದಲು ಅವಳ ಮಗು ನಡೆಯಲಿ. ಒಟ್ಟಿಗೆ ಎರಡೆರಡು ಸಾಕ್ಲಿಕ್ಕೆ ಆಗುದಿಲ್ಲ, ಪಾಪ" ಎಂದರು.

ಬಕೆಟಿನ ಗಂಡನ್ನು ತೊಟ್ಟಿಗೆ ಮರಳಿ ಬಿಟ್ಟದ್ದೇ ತಡ, ನಮ್ಮ ಹೆಣ್ಣುಮೀನು ಚಕ್ಕುಲಿ ಈಗ ಮತ್ತೆ ಹಳದಿಯಾಗಿದೆ. ಈ ಸಲದ ಬಾಣಂತನ ಪೂರ್ತಿಯಾಗಿ ಅತ್ತೆಯ ಕೈಯಲ್ಲಿ. ಸೀಗಡಿ ಮೊಟ್ಟೆ ಒಡೆಯಿಸುವುದು, ಡ್ರಿಪ್ಪು ಬಿಡುವುದು, ಬೇಬಿಯವರಿಗೆ ದಿನಾ ಫೋನು ಮಾಡಿ ಅರ್ಧ ತಮ್ಮ ಮನೆಮಾತಾದ ಅರೆಭಾಷೆ, ಅರ್ಧ ಅವರಿಂದಲೇ ಕಲಿತ ಮಲಯಾಳದಲ್ಲಿ ಚರ್ಚಿಸುವುದು ಎಲ್ಲವೂ ಅವರದ್ದೇ. ನನ್ನ ಮುಖದಲ್ಲಿ ಹೆದರಿಕೆ ಕಾಣುತ್ತದೆ, ಅದು ಬಾಣಂತಿಗೆ ಒಳ್ಳೆಯದಲ್ಲ ಎಂದು ನನ್ನನ್ನು ಹತ್ತಿರ ಸೇರಿಸುವುದಿಲ್ಲ. ನೋಡಲು ಸಮಯ ಗೊತ್ತು ಮಾಡಿದ್ದಾರೆ, ನಾಲ್ಕರಿಂದ ಐದು. ನಿನ್ನೆ ನಾನು ಮೂರೂವರೆಗೆ ಬಂದೆ. ಅತ್ತೆ ಗಡಿಯಾರ ನೋಡಿ, ಬಾಗಿಲಲ್ಲಿ ಕೈ ಅಡ್ಡ ಹಿಡಿದು, "ಈಗ ಬೇಡ. ಹೊರಗೆ ಕೂತ್ಕೊ" ಎಂದರು.

"ಇದು ನಮ್ಮ ಮನೆಯಲ್ವಾ ಅತ್ತೆ?"

"ಮನೆ ನಿನ್ನದೇ. ಗಲಾಟೆ ಮಾಡ್ಬೇಡ."

ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಂಡು ಮನೆಯ ಮುಂದಿನ ಸಿಟೌಟಿನಲ್ಲಿ ಕುಳಿತೆ. ಒಳಗಿನಿಂದ ಏನೂ ಸದ್ದು ಬರಲಿಲ್ಲ. ಹತ್ತು ನಿಮಿಷ ತಡೆದುಕೊಂಡೆ. ಆಮೇಲೆ ಎದ್ದು ಕಿಟಕಿಯ ಹತ್ತಿರ ಹೋಗಿ, ಆದಷ್ಟು ಮೆತ್ತಗೆ ಕೇಳಿದೆ, "ಅತ್ತೆ, ಎಲ್ಲ ಸರಿ ಉಂಟಲ್ಲ?"

"ಈಗ ತಾನೆ ಕೇಳಿದ್ದಲ್ವಾ ನೀನು?" ಎಂದರು ಅತ್ತೆ ಒಳಗಿನಿಂದ.

ನಾನು ಕೇಳಿರಲಿಲ್ಲ. ಆದರೆ ಎದುರು ಮಾತಾಡಲು ಧೈರ್ಯ ಬರಲಿಲ್ಲ.